ಬೇರಿಂಗ್ ಕಾಗದ

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ.
ನಾಪೋಕ್ಲು ರಸ್ತೆಯ ಎರಡನೇ ತಿರುವಿನಲ್ಲಿ,
ಬಸ್ ತಂಗುದಾಣದ ಮುರಿದ ಬೆಂಚಿನ ಬಳಿ ಮಾತ್ರ
ಎರಡು ಕಡ್ಡಿ ಏಳುತ್ತದೆ.
ಹಾಗಾಗಿ ಬೈಗುಳ ನನಗೆ ಬಿಡಿಬಿಡಿಯಾಗಿ ಬರಲಿಲ್ಲ,
ಟಪಾಲು ಚೀಲದಂತೆ ಒಟ್ಟಿಗೇ ಬಂತು.
ಬೆಳಿಗ್ಗೆ ಎಂಟೂ ಮುಕ್ಕಾಲು, ಕೈಯಲ್ಲಿ ಕಚೇರಿಯ ಬೀಗದಕೈ,
ಬ್ಯಾಗಿನೊಳಗೆ ಫೋನು
ಬಾವಿಗೆ ಬಿದ್ದ ಹೆಗ್ಗಣದ ಹಾಗೆ ಒದ್ದಾಡಿತು.

ನಾನು ಹಾಕಿದ್ದು ಒಂದೇ ಪಟ.
ಕೈಮಡದ ಮೆಟ್ಟಿಲು, ಕುಡಿಬಾಳೆಲೆ,
ಎಲೆಯ ಮೇಲೆ ಅಕ್ಕಿರೊಟ್ಟಿ, ಕೋಳಿಸಾರು,
ಕಾಚಂಪುಳಿಗೆ ಕಪ್ಪಾದ ಹಂದಿಮಾಂಸ,
ಪಕ್ಕದಲ್ಲಿ ಅರ್ಧ ಲೋಟ ಬ್ರಾಂದಿ.
ದೀಪ.
ಕೆಳಗೆ ಬರೆದಿದ್ದೆ:
ಕಾರಣಂಗ್ ಕೊಡ್‌ಪ. ಹಿರಿಯರು ಬಂದರು, ಉಂಡರು.

ಬಂದದ್ದು ಸುಳ್ಳಲ್ಲ.
ಗಾಳಿ ಇರಲಿಲ್ಲ, ದೀಪ ಎಡಕ್ಕೆ ವಾಲಿತು,
ಎಡಚನಾಗಿದ್ದ ದೊಡ್ಡಜ್ಜ ಲೋಟಕ್ಕೆ ಕೈ ಚಾಚುವ ಕಡೆಗೆ.
ಕಂಡದ್ದನ್ನು ಹೇಳಿದೆ.
ನಂಬಿ ಎಂದು ಯಾರ ಕಾಲೂ ಹಿಡಿದಿಲ್ಲ.

"ಇದೂ ಒಂದು ಪೂಜೆಯಾ, ಥೂ" ಎಂದ ಒಬ್ಬ,
ತನ್ನ ಮುಖದ ಜಾಗದಲ್ಲಿ ದೇವರನ್ನು ಕೂರಿಸಿದವನು.
"ಹೆಣ ಎದ್ದು ಕುಡಿಯುತ್ತಾ?" ಎಂದ ಇನ್ನೊಬ್ಬ,
ದೇವರೇ ಇಲ್ಲವೆಂದು ಬಲ್ಲವನು.
ಜನ್ಮದಲ್ಲಿ ಒಂದು ಮಾತಿಗೆ ಒಪ್ಪದ ಇಬ್ಬರು
ನನ್ನ ಅಂಗಳದಲ್ಲಿ ಒಪ್ಪಿಕೊಂಡರು.
ಕಣ್ಣೀರು ಹಾರಿಸಿ ನಗುವ ಹಳದಿ ಮುಖಗಳು ನಾನೂರ ಹನ್ನೊಂದು.
ತಾಯಿಯ ಬಗ್ಗೆ ಅಂದದ್ದನ್ನು ಇಲ್ಲಿ ಬರೆಯಲಾರೆ.
ಎಲ್ಲವೂ ಕನ್ನಡದಲ್ಲಿ,
ಮನೆಯಲ್ಲಿ ಕೊಡವ ತಕ್ಕ್ ಆಡಿ ಬೆಳೆದ ನಾನು
ಕಕ್ಕಬ್ಬೆ ಶಾಲೆಯಲ್ಲಿ ಬೆರಳ ಗೆಣ್ಣಿಗೆ ಪೆಟ್ಟು ತಿಂದು
ಒತ್ತಕ್ಷರ ಕಲಿತ ಕನ್ನಡದಲ್ಲಿ.
(ಬೈದವರ ಒತ್ತಕ್ಷರ ತಪ್ಪು. ಮೊದಲು ಕಣ್ಣಿಗೆ ಬಿದ್ದದ್ದು ಅದೇ.)

"ಲೋಟ ಕತ್ತರಿಸಿ ಹಾಕು ಅಕ್ಕ,
ದೀಪ ಮಾತ್ರ ಇರಲಿ" ಎಂದ ತಮ್ಮ ಚಿಣ್ಣಪ್ಪ.
ಬರೀ ದೀಪಕ್ಕೆ ಯಾರೂ ಬೈಯುವುದಿಲ್ಲ, ನಿಜ.
ಬರೀ ದೀಪ ನೋಡಿ
ದೊಡ್ಡಜ್ಜ ಬರುತ್ತಿದ್ದನೇ?

ಇಪ್ಪತ್ತಾರು ವರ್ಷದಿಂದ ಈ ಊರಿನ ಅಂಚೆ ನನ್ನ ಕೈಯಲ್ಲಿ.
ಚೀಟಿ ಹಚ್ಚದೆ ಡಬ್ಬಿಗೆ ಹಾಕಿದ ಕಾಗದವನ್ನು
ನಾವು ಬೇರಿಂಗ್ ಅನ್ನುತ್ತೇವೆ.
ಬರೆದವನಿಗೆ ಕಾಸಿನ ಖರ್ಚಿಲ್ಲ,
ಪಡೆದವರು ಇಮ್ಮಡಿ ತೆರಬೇಕು.
ಒಲ್ಲೆ ಅನ್ನಲೂಬಹುದು. ಆಗ ವಿಳಾಸದ ಮೇಲೆ ಗೀಟೆಳೆದು
'ನಿರಾಕರಿಸಿದ್ದಾರೆ' ಎಂದು ಬರೆದು ವಾಪಸ್ಸು.
ಇವನ್ನು ಎಲ್ಲಿಗೆ ವಾಪಸ್ಸು ಕಳಿಸಲಿ?
ಮೂರು ರಾತ್ರಿ ಇಮ್ಮಡಿ ತೆತ್ತೆ,
ನಿದ್ದೆಯಲ್ಲಿ, ಸೇರದ ಅನ್ನದಲ್ಲಿ.
ನಾಲ್ಕನೆಯ ದಿನ ದೊಡ್ಡಜ್ಜನ ಮೇಲೆಯೇ ಸಿಟ್ಟು ಬಂತು:
ಕೋವಿ ಹಿಡಿದವನಲ್ಲವೇ ನೀನು,
ಕುಡಿದದ್ದಾಯಿತು, ಒಂದು ಮಾತಾದರೂ ಆಡಬಾರದೇ?

ಒಂದರ ವಿಳಾಸ ಮಾತ್ರ ಗೊತ್ತಿತ್ತು.
ಹೆಸರು ಬೇರೆ, ಪಟದಲ್ಲಿ ಯಾವುದೋ ಹುಲಿ.
ಆದರೆ ಬರೆದದ್ದು, "ಪೋಸ್ಟಕ್ಕ, ನಿನ್ನ ಸತ್ತವರಿಗೆ ಸೋಡಾ ಬೇಡವಾ?"
ಲೋಕದಲ್ಲಿ ನನ್ನನ್ನು ಪೋಸ್ಟಕ್ಕ ಅನ್ನುವುದು
ಈ ನಲವತ್ತಮೂರು ಮನೆಯವರು.
ಅದರಲ್ಲಿ ಸೋಡಾಕ್ಕೆ ಹೀಗೆ ನಗುವವನು ಒಬ್ಬ.
ಹೆಸರು ಹೇಳುವುದಿಲ್ಲ. ಅಂಚೆಯವರಿಗೆ ಅದು ಅಭ್ಯಾಸ.

ಶನಿವಾರ ಬಂದ.
ಕಂದು ಲಕೋಟೆ, ಅರಣ್ಯ ಇಲಾಖೆಗೆ ಅರ್ಜಿ.
ಅವನ ಕಣ್ಣು ಗೋಂದಿನ ಬಾಟಲಿಯ ಮೇಲೆ,
ನನ್ನದು ತಕ್ಕಡಿಯ ಮೇಲೆ.
ಮೂವತ್ತೆರಡು ಗ್ರಾಂ.
"ಕಳಿಸುವವರ ವಿಳಾಸ ಬರೆದಿಲ್ಲ" ಎಂದೆ,
ಪೆನ್ನು ಕೊಟ್ಟೆ.
ಬರೆದ, ಕಿವಿ ಕೆಂಪಾಗಿ, ಒಂದೊಂದೇ ಅಕ್ಷರ:
ತನ್ನ ಹೆಸರು, ಅಪ್ಪನ ಹೆಸರು, ಮನೆ, ಊರು,
ಪಿನ್‌ಕೋಡಿನ ಕೊನೆಯ ಅಂಕಿಗೆ ಕೈ ತಡೆಯಿತು.
ನಾನೇ ಹೇಳಿಕೊಟ್ಟೆ.
ಠಸ್ಸೆ ಒತ್ತಿದೆ, ಸ್ವಲ್ಪ ಜೋರಾಗಿಯೇ.

ಚಿಲ್ಲರೆ ಎರಡು ರೂಪಾಯಿ ಬಿಟ್ಟು ಹೋಗಿದ್ದಾನೆ.
ಡ್ರಾಯರಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ.